30 ಕಿಲೋಮೀಟರಿಗೆ ಮೂರು ದಿನ



ಇಲ್ಲಿ ಜರ್ಮನಿಯಲ್ಲಿ ನಮ್ಮ ಶನಿವಾರದ ಕನ್ನಡ ತರಗತಿಗೆ ಬರುತ್ತಿದ್ದ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಕೈಯಲ್ಲಿ ಲೈಸೆನ್ಸ್ ಇದೆ, ಸ್ವಲ್ಪ ದುಡ್ಡೂ ಇದೆ. "ಆಂಟಿ, ಈ ಸಲ ನಾವು ನಾಲ್ಕು ಜನ ಫ್ರೆಂಡ್ಸ್ ಸೇರಿ ಮೆಡಿಟರೇನಿಯನ್ ತೀರದಲ್ಲಿ ರೋಡ್ ಟ್ರಿಪ್ ಮಾಡ್ತೀವಿ" ಅಂತ ಹೇಳುತ್ತಾರೆ. ಕೇಳಿ ಖುಷಿಯಾಗುತ್ತದೆ. ಆಮೇಲೆ ಫೋನ್ ತೆಗೆದು ಪ್ಲಾನ್ ತೋರಿಸುತ್ತಾರೆ: ಬಾರ್ಸಿಲೋನಾದಿಂದ ರೋಮ್, ಐದು ದಿನ.

ಇವತ್ತಿನ ಮಾತು ಆ ಪ್ಲಾನಿನ ಬಗ್ಗೆ. ಹೋಗಬೇಡಿ ಅಂತ ಹೇಳುವುದಕ್ಕಲ್ಲ, ಚೆನ್ನಾಗಿ ಹೋಗಿ ಬರುವುದು ಹೇಗೆ ಅಂತ ಹೇಳುವುದಕ್ಕೆ.

ಮೊದಲು ಸ್ವಲ್ಪ ಲೆಕ್ಕ. ಬಾರ್ಸಿಲೋನಾದಿಂದ ರೋಮ್‌ಗೆ ರಸ್ತೆಯಲ್ಲಿ 1300 ಕಿಲೋಮೀಟರಿಗೂ ಹೆಚ್ಚು. ಐದು ದಿನಕ್ಕೆ ಹಂಚಿದರೆ ದಿನಕ್ಕೆ 260. ಆಟೋಬಾನ್ ಕಂಡವರಿಗೆ ಇದೇನು ದೊಡ್ಡದಲ್ಲ, ಮೂರು ಗಂಟೆ ಅನ್ನುತ್ತೀರಿ. ಆದರೆ ಹಾಗೆ ಬೇಗ ಹೋಗುವ ಹೆದ್ದಾರಿಯಿಂದ ಸಮುದ್ರ ಸರಿಯಾಗಿ ಕಾಣುವುದಿಲ್ಲ. ಫ್ರಾನ್ಸ್ ದಾಟಿ ಇಟಲಿಯ ಲಿಗೂರಿಯಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಒಂದು ಸುರಂಗ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಒಂದು ಕ್ಷಣ ನೀಲಿ ಬಣ್ಣ ಕಾಣುತ್ತದೆ, ಅಷ್ಟೇ. ಸಮುದ್ರದ ಪಕ್ಕದ ಹಳೆಯ ರಸ್ತೆ ಹಿಡಿದರೆ ಊರು, ತಿರುವು, ಸಿಗ್ನಲ್, ಬಸ್ಸು ಎಲ್ಲ ಸೇರಿ ಅದೇ ದೂರಕ್ಕೆ ಇಡೀ ದಿನ ಬೇಕು. ಅಂದರೆ ಐದು ದಿನ ಕಾರಿನಲ್ಲಿ ಕೂತು ಬಂದ ಹಾಗಾಯಿತು. ಅದರಲ್ಲೂ ಸ್ಟಿಯರಿಂಗ್ ಹಿಡಿದವರು ನೋಡಿದ್ದು ಮುಂದಿನ ಗಾಡಿಯ ಕೆಂಪು ದೀಪ ಮಾತ್ರ.

ಅದಕ್ಕೇ ನನ್ನ ಸಲಹೆ ಇದು. ಉದ್ದ ಕಡಿಮೆ ಮಾಡಿ. ಫ್ರಾನ್ಸಿನ ನೀಸ್ ಊರಿನಿಂದ ಇಟಲಿ ಗಡಿಯ ಮಾಂತೋನ್ ಊರಿಗೆ ಸುಮಾರು 30 ಕಿಲೋಮೀಟರ್. ಆ 30 ಕಿಲೋಮೀಟರಿಗೆ ಮೂರು ದಿನ ಕೊಡಿ. ಮ್ಯೂನಿಕ್‌ನಿಂದ ನೀಸ್‌ಗೆ ರಸ್ತೆಯಲ್ಲಿ ಸುಮಾರು 800 ಕಿಲೋಮೀಟರ್, ಫ್ರಾಂಕ್‌ಫರ್ಟ್‌ನಿಂದ ಸುಮಾರು 1000. ನಿಮ್ಮದೇ ಕಾರಿನಲ್ಲಿ ಹೋದರೆ ಹೋಗುವುದಕ್ಕೆ ಒಂದು ದಿನ, ಬರುವುದಕ್ಕೆ ಒಂದು ದಿನ. ರಜೆ ಕಡಿಮೆ ಇದ್ದರೆ ವಿಮಾನವೋ ರೈಲೋ ಹಿಡಿದು ನೀಸ್ ತಲುಪಿ, ಅಲ್ಲಿ ಸಣ್ಣದೊಂದು ಕಾರು ಬಾಡಿಗೆಗೆ ತೆಗೆದುಕೊಳ್ಳುವುದು ಲೇಸು.

ಈ 30 ಕಿಲೋಮೀಟರಿನಲ್ಲಿ ಏನಿದೆ ಅಂತ ಕೇಳಬಹುದು. ಆಲ್ಪ್ಸ್ ಪರ್ವತ ಇಲ್ಲಿ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಕಾರವಾರದ ಹತ್ತಿರ ಸಹ್ಯಾದ್ರಿ ಸಮುದ್ರದ ತನಕ ಬಂದು ನಿಲ್ಲುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಜಾಗ ಇಲ್ಲದ್ದರಿಂದ ರಸ್ತೆಗಳನ್ನು ಒಂದರ ಮೇಲೊಂದರಂತೆ ಬೆಟ್ಟದ ಪಕ್ಕೆಯಲ್ಲಿ ಮಾಡಿದ್ದಾರೆ. ಇವನ್ನು ಕೋರ್ನಿಶ್ ಅನ್ನುತ್ತಾರೆ. ಮೂರು ಕೋರ್ನಿಶ್‌ಗಳಿವೆ. ಕೆಳಗಿನದು ಸಮುದ್ರಕ್ಕೆ ಅಂಟಿಕೊಂಡು ಊರುಗಳ ಒಳಗೇ ಹೋಗುತ್ತದೆ. ನಡುವಿನದು ಬೆಟ್ಟದ ಅರ್ಧದಲ್ಲಿ. ಮೇಲಿನದು, ದೊಡ್ಡ ಕೋರ್ನಿಶ್, ನೆಪೋಲಿಯನ್ ಕಾಲದಲ್ಲಿ ಮಾಡಿದ್ದು. ಅದು ಹೆಚ್ಚುಕಡಿಮೆ ಹಳೆಯ ರೋಮನ್ ದಾರಿಯನ್ನೇ ಅನುಸರಿಸುತ್ತದೆ.

ಈಗ ದಿನದ ಲೆಕ್ಕ ನೋಡೋಣ.

ಮೊದಲ ದಿನ ಕಾರು ಬೇಡ. ನೀಸ್ ವಿಮಾನ ನಿಲ್ದಾಣದಿಂದ ಊರೊಳಗೆ ಟ್ರಾಮ್ ಇದೆ. ಊರಿನಲ್ಲಿ ಪಾರ್ಕಿಂಗ್ ಹುಡುಕುತ್ತಾ ಅರ್ಧ ದಿನ, ಕಟ್ಟುತ್ತಾ ಅರ್ಧ ಜೇಬು ಕಳೆಯುವುದು ಯಾಕೆ? ನಡೆಯಿರಿ. ಸಮುದ್ರದ ಪಕ್ಕದ ಉದ್ದನೆಯ ಕಾಲುದಾರಿಗೆ ಪ್ರೊಮೆನಾಡ್ ದೆಜಾಂಗ್ಲೆ, ಅಂದರೆ ಇಂಗ್ಲಿಷರ ವಿಹಾರಪಥ ಅಂತ ಹೆಸರು. ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತಿದ್ದ ಇಂಗ್ಲಿಷರು 1820ರ ದಶಕದಲ್ಲಿ ಇದನ್ನು ಶುರು ಮಾಡಿಸಿದರು. ಒಂದು ವಿಷಯ ಮೊದಲೇ ತಿಳಿದಿರಲಿ: ನೀಸ್‌ನ ಕಡಲತೀರದಲ್ಲಿ ಮರಳಿಲ್ಲ, ಉರುಟು ಕಲ್ಲುಗಳು. ಬರಿಗಾಲಿನಲ್ಲಿ ಕಷ್ಟ. ನೀರಿಗೆ ಹಾಕಿಕೊಂಡು ಹೋಗುವ ಚಪ್ಪಲಿ ಒಂದು ಜೊತೆ ಇರಲಿ.

ಹಳೆಯ ನೀಸ್‌ನ ಓಣಿಗಳಲ್ಲಿ ತಲೆ ಎತ್ತಿ ಬೀದಿಯ ಹೆಸರಿನ ಫಲಕ ನೋಡಿ. ಹಲವು ಕಡೆ ಎರಡು ಭಾಷೆಯಲ್ಲಿ ಇರುತ್ತದೆ. ಒಂದು ಫ್ರೆಂಚ್. ಇನ್ನೊಂದು ನಿಸ್ಸಾರ್ತ್, ಆ ಊರಿನ ಸ್ವಂತ ನುಡಿ. 1860ರಲ್ಲಿ ಫ್ರಾನ್ಸಿಗೆ ಸೇರುವ ಮೊದಲು ನೀಸ್ ಸಾರ್ಡೀನಿಯಾ ರಾಜ್ಯದಲ್ಲಿತ್ತು. ಇಟಲಿಯ ಏಕೀಕರಣಕ್ಕೆ ಹೋರಾಡಿದ ಗರಿಬಾಲ್ಡಿ 1807ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಪಕ್ಕದ ಮೊನಾಕೊದಲ್ಲಿ ಮೊನೆಗಾಸ್ಕ್ ಅನ್ನುವ ಇನ್ನೊಂದು ನುಡಿ. ಅದನ್ನು ಅಲ್ಲಿನ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸುತ್ತಾರೆ. ಮನೆಯಲ್ಲಿ ಒಂದು ಭಾಷೆ, ಹೊರಗೆ ಒಂದು ಭಾಷೆ ಅಂತ ಬೆಳೆದ ನಿಮಗೆ ಈ ಫಲಕಗಳು ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಹೇಳುತ್ತವೆ ಅಂತ ನನ್ನ ನಂಬಿಕೆ.

ಹಸಿವಾದರೆ ಸೋಕಾ ತಿನ್ನಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಇಷ್ಟೇ. ದೊಡ್ಡ ತಾಮ್ರದ ತಟ್ಟೆಯಲ್ಲಿ ಹುಯ್ದು, ಸೌದೆ ಒಲೆಯಲ್ಲಿ ಬೇಯಿಸಿ, ಮೇಲೆ ಮೆಣಸಿನ ಪುಡಿ ಉದುರಿಸಿ ಕೊಡುತ್ತಾರೆ. ನಮ್ಮ ಕಡಲೆಹಿಟ್ಟಿನ ದೋಸೆಯ ದೂರದ ನೆಂಟ. ಸಸ್ಯಾಹಾರಿಗಳು ಕಣ್ಣು ಮುಚ್ಚಿ ತಿನ್ನಬಹುದು. ಆದರೆ ಪಿಸ್ಸಲಾದಿಯೇರ್ ಅನ್ನುವ ಈರುಳ್ಳಿ ರೊಟ್ಟಿಯನ್ನು ಕೇಳಿಯೇ ತಿನ್ನಬೇಕು. ನೋಡುವುದಕ್ಕೆ ಬರೀ ಈರುಳ್ಳಿ, ಆದರೆ ಅದರಲ್ಲಿ ಸಣ್ಣ ಮೀನು ಇರುತ್ತದೆ. ನೀಸ್ ಸಲಾಡ್‌ನಲ್ಲೂ ಮೀನು ಇರುತ್ತದೆ.

ಎರಡನೇ ದಿನ ಬೆಳಗ್ಗೆ ಕಾರು ತೆಗೆದುಕೊಳ್ಳಿ. ನೀಸ್‌ನಿಂದ ಪೂರ್ವಕ್ಕೆ, ಕೆಳಗಿನ ಕೋರ್ನಿಶ್. ಇಲ್ಲಿ ಒಂದು ಸಣ್ಣ ಗುಟ್ಟಿದೆ. ನಾವು ಓಡಿಸುವುದು ರಸ್ತೆಯ ಬಲಗಡೆ. ಪೂರ್ವಕ್ಕೆ ಹೋಗುವಾಗ ಸಮುದ್ರವೂ ಬಲಗಡೆಯೇ. ಹಾಗಾಗಿ ಗಾಡಿ ನಿಲ್ಲಿಸಿ ನೋಡುವ ಜಾಗಗಳು ನಿಮ್ಮ ಬದಿಯಲ್ಲೇ ಸಿಗುತ್ತವೆ. ಎದುರಿನ ಸಾಲು ಅಡ್ಡ ದಾಟಬೇಕಿಲ್ಲ. ತೊಂದರೆ ಒಂದೇ, ಮುಂಜಾನೆ ಬೇಗ ಹೊರಟರೆ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ನಿಧಾನವಾಗಿ ತಿಂಡಿ ತಿಂದು, ಸೂರ್ಯ ಮೇಲೆ ಬಂದ ಮೇಲೆ ಹೊರಡಿ.

ಮೊದಲ ನಿಲ್ದಾಣ ವಿಲ್‌ಫ್ರಾಂಶ್. ಅಲ್ಲಿ ಮೀನುಗಾರರ ಪುಟ್ಟ ಪ್ರಾರ್ಥನಾಮಂದಿರವನ್ನು ಕವಿ, ಚಿತ್ರಕಾರ ಜಾನ್ ಕಾಕ್ತೋ 1957ರಲ್ಲಿ ಚಿತ್ರಗಳಿಂದ ತುಂಬಿದ. ಆಮೇಲೆ ಕಾಪ್ ಫೆರಾ ಭೂಶಿರದ ಸುತ್ತ ಸಮುದ್ರದ ಅಂಚಿನ ಕಾಲುದಾರಿ. ಶ್ರೀಮಂತರ ಬಂಗಲೆಗಳು ಗೋಡೆಯ ಆಚೆಗೆ, ದಾರಿ ಮಾತ್ರ ಎಲ್ಲರದು, ದುಡ್ಡಿಲ್ಲ. ಮಧ್ಯಾಹ್ನದ ಮೇಲೆ ನಡುವಿನ ಕೋರ್ನಿಶ್‌ಗೆ ಹತ್ತಿ ಎಜ್ ಅನ್ನುವ ಬೆಟ್ಟದ ತುದಿಯ ಹಳ್ಳಿ. ಸಮುದ್ರಮಟ್ಟದಿಂದ 400 ಮೀಟರಿಗೂ ಎತ್ತರ. ಕೆಳಗಿನ ಕಡಲ ದಂಡೆಯಿಂದ ಹಳ್ಳಿಗೆ ಹತ್ತುವ ಕಾಲುದಾರಿಗೆ ನೀಚೆಯ ಹೆಸರಿದೆ. ನಿಮ್ಮ ಶಾಲೆಯಲ್ಲಿ ಪಾಠವಾಗಿ ಬಂದಿರಬಹುದಾದ ಅದೇ ನೀಚೆ. ಝರತುಷ್ಟ್ರನ ಪುಸ್ತಕದ ಮೂರನೇ ಭಾಗದ ಒಂದಂಶ ತನಗೆ ಹೊಳೆದದ್ದು ಈ ಏರು ಹತ್ತುವಾಗ ಎಂದು ಅವನೇ ಬರೆದಿದ್ದಾನೆ. ಹತ್ತುವುದಾದರೆ ಷೂ ಹಾಕಿ, ನೀರು ಒಯ್ಯಿರಿ. ರಾತ್ರಿ ಮಾಂತೋನ್‌ನಲ್ಲಿ ವಾಸ. ಅಲ್ಲೇ ಎರಡು ರಾತ್ರಿ ಇದ್ದರೆ ಗಂಟುಮೂಟೆ ಮತ್ತೆ ಕಟ್ಟುವ ಕೆಲಸ ಇಲ್ಲ.

ಮೂರನೇ ದಿನ ಮಾಂತೋನ್ ಕಡೆಯಿಂದ ಪಶ್ಚಿಮಕ್ಕೆ. ದಾರಿಯಲ್ಲಿ ರೋಕ್‌ಬ್ರೂನ್. ಅಲ್ಲಿ ಸಮುದ್ರದ ಮೇಲೆ ಒಂದು ಮರದ ಗುಡಿಸಲಿದೆ, 3.66 ಮೀಟರ್ ಉದ್ದ, ಅಷ್ಟೇ ಅಗಲ. ಅದನ್ನು ತನಗಾಗಿ ಕಟ್ಟಿಕೊಂಡವನು ಲೆ ಕಾರ್ಬೂಸಿಯೇ, ನಮ್ಮ ಚಂಡೀಗಢ ನಗರಕ್ಕೆ ರೂಪ ಕೊಟ್ಟ ವಾಸ್ತುಶಿಲ್ಪಿ. ಈ ಗುಡಿಸಲು, ಚಂಡೀಗಢದ ಕ್ಯಾಪಿಟಲ್ ಕಟ್ಟಡಗಳು, ಎರಡೂ 2016ರಲ್ಲಿ ಒಂದೇ ಪಟ್ಟಿಯಲ್ಲಿ ಯುನೆಸ್ಕೋ ವಿಶ್ವ ಪರಂಪರೆಗೆ ಸೇರಿದವು. ಅವನು 1965ರ ಆಗಸ್ಟ್‌ನಲ್ಲಿ ತೀರಿಕೊಂಡದ್ದೂ ಇಲ್ಲೇ ಕೆಳಗೆ, ಈಜುವಾಗ. ಗುಡಿಸಲು ನೋಡಬೇಕೆಂದರೆ ಮುಂಚೆಯೇ ಕಾದಿರಿಸಬೇಕು. ಒಂದು ನಗರವನ್ನೇ ರೂಪಿಸಿದವನು ರಜೆಗೆ ಆರಿಸಿಕೊಂಡದ್ದು ಇಷ್ಟು ಚಿಕ್ಕ ಕೋಣೆ!

ಅಲ್ಲಿಂದ ಮೇಲಿನ ಕೋರ್ನಿಶ್ ಹಿಡಿದು ಲಾ ತುರ್ಬಿ. ರೋಮನ್ ಚಕ್ರವರ್ತಿ ಅಗಸ್ಟಸ್ ಆಲ್ಪ್ಸ್‌ನ ಬುಡಕಟ್ಟುಗಳನ್ನು ಸೋಲಿಸಿದ ನೆನಪಿಗೆ ಕಟ್ಟಿದ ವಿಜಯಸ್ಮಾರಕ ಅಲ್ಲಿದೆ, ಎರಡು ಸಾವಿರ ವರ್ಷ ಹಳೆಯದು. ಸೋತ ಬುಡಕಟ್ಟುಗಳ ಹೆಸರುಗಳನ್ನು ಸಾಲಾಗಿ ಕೆತ್ತಿಸಿದ್ದಾರೆ. ಪುಲಕೇಶಿ ಗೆದ್ದವರ ಪಟ್ಟಿ ಇರುವ ಐಹೊಳೆ ಶಾಸನ ನೆನಪಾಗುತ್ತದೆ. ಗೆದ್ದ ರಾಜರು ಎಲ್ಲಿದ್ದರೂ ಕಲ್ಲಿಗೆ ಹೇಳುವುದು ಒಂದೇ ಕಥೆ. ಮಧ್ಯಾಹ್ನ ಮಾಂತೋನ್‌ಗೆ ವಾಪಸ್, ಸಮುದ್ರಸ್ನಾನ. ಇಟಲಿಯನ್ನೂ ಮುಟ್ಟಿ ಬರಬೇಕು ಅನ್ನಿಸಿದರೆ ಮಾಂತೋನ್‌ನಿಂದ ರೈಲು ಹತ್ತಿ, ಪಕ್ಕದ ವೆಂಟಿಮಿಲಿಯಾ ಸ್ವಲ್ಪವೇ ಹೊತ್ತಿನ ದಾರಿ. ಶುಕ್ರವಾರವಾದರೆ ಅಲ್ಲಿ ದೊಡ್ಡ ಸಂತೆ. ಇಟಲಿಯ ಅನೇಕ ಹಳೆಯ ಊರುಗಳ ಒಳಗೆ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲದ ವಲಯಗಳಿವೆ, ಕ್ಯಾಮೆರಾ ಕಾದಿರುತ್ತದೆ. ಗೊತ್ತಿಲ್ಲದೆ ನುಗ್ಗಿದರೆ ದಂಡದ ಚೀಟಿ ತಿಂಗಳುಗಳ ನಂತರ ಮನೆಗೆ ಬರುತ್ತದೆ. ರೈಲಿನಲ್ಲಿ ಹೋದರೆ ಆ ಚಿಂತೆ ಇಲ್ಲ. ಈ ಗಡಿಯಲ್ಲಿ 2015ರಿಂದ ಫ್ರೆಂಚ್ ಪೊಲೀಸರ ತಪಾಸಣೆ ನಡೆಯುತ್ತಿದೆ. ಭಾರತದ ಪಾಸ್‌ಪೋರ್ಟ್ ಇರುವವರು ಪಾಸ್‌ಪೋರ್ಟ್, ಇಲ್ಲಿನ ವಾಸದ ಕಾರ್ಡ್ ಎರಡನ್ನೂ ಜೇಬಿನಲ್ಲೇ ಇಟ್ಟುಕೊಳ್ಳಿ, ಹೋಟೆಲಿನಲ್ಲಿ ಬಿಡಬೇಡಿ.

ನಾಲ್ಕನೇ ದಿನ ಬೆಳಗ್ಗೆ ಹೆದ್ದಾರಿ ಹಿಡಿದು ವಿಮಾನ ನಿಲ್ದಾಣ. ಅವತ್ತು ಬೇಗ ತಲುಪುವುದೇ ಬೇಕು, ಆದ್ದರಿಂದ ಹೆದ್ದಾರಿಗೆ ಟೋಲ್ ಕಟ್ಟಿದರೂ ನಷ್ಟವಿಲ್ಲ.

ಈಗ ಕಾರಿನ ವಿಷಯ. ಬಾಡಿಗೆ ಕೊಡುವವರು 25 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಹೆಚ್ಚು ದುಡ್ಡು ಕೇಳುತ್ತಾರೆ. ಕೆಲವರು 21 ಆಗದಿದ್ದರೆ ಕೊಡುವುದೇ ಇಲ್ಲ. ಮುಖ್ಯ ಚಾಲಕರ ಹೆಸರಿನಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು ಅನ್ನುವವರೇ ಹೆಚ್ಚು. ಅದರಲ್ಲಿ ಠೇವಣಿ ಅಂತ ನೂರಾರು ಯೂರೋ ತಡೆಹಿಡಿಯುತ್ತಾರೆ. ಅಷ್ಟು ಮಿತಿ ಕಾರ್ಡಿನಲ್ಲಿದೆಯೇ ಅಂತ ಮೊದಲೇ ನೋಡಿ. ಕರಾರಿನಲ್ಲಿ ಹೆಸರಿಲ್ಲದವರು ಐದು ನಿಮಿಷವೂ ಓಡಿಸಬಾರದು. ಏನಾದರೂ ಆದರೆ ವಿಮೆ ಕೈಕೊಡುತ್ತದೆ. ಆಟೊಮ್ಯಾಟಿಕ್ ಬೇಕಾದರೆ ಬುಕ್ ಮಾಡುವಾಗಲೇ ಹೇಳಬೇಕು. ಕೀಲಿ ತೆಗೆದುಕೊಂಡ ತಕ್ಷಣ ಕಾರಿನ ಸುತ್ತ ಒಂದು ವಿಡಿಯೋ ಮಾಡಿಕೊಳ್ಳಿ. ಪೆಟ್ರೋಲ್ ಬಂಕಿನಲ್ಲಿ ಗಾಜೋಲ್ ಅಂತ ಬರೆದಿದ್ದರೆ ಅದು ಪೆಟ್ರೋಲ್ ಅಲ್ಲ, ಡೀಸೆಲ್. ಪೆಟ್ರೋಲಿಗೆ ಸಾನ್ ಪ್ಲೋಂ ಅನ್ನುತ್ತಾರೆ, ಸೀಸವಿಲ್ಲದ್ದು ಅಂತ ಅರ್ಥ. ಫ್ರಾನ್ಸಿನಲ್ಲಿ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯುವುದು ಮಾತ್ರವಲ್ಲ, ಕಿವಿಗೆ ಇಯರ್‌ಫೋನ್ ಹಾಕುವುದೂ ಅಪರಾಧ. ಸೈಕಲಿನವರನ್ನು ದಾಟುವಾಗ ಊರೊಳಗೆ 1 ಮೀಟರ್, ಹೊರಗೆ ಒಂದೂವರೆ ಮೀಟರ್ ಜಾಗ ಬಿಡಬೇಕು. ಕುಡಿದವರು ಓಡಿಸಬಾರದು ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ. ಅವತ್ತಿನ ಚಾಲಕರಿಗೆ ಒಂದು ಲೋಟವೂ ಬೇಡ.

ಯಾವಾಗ ಹೋಗುವುದು? ಏಪ್ರಿಲ್‌ನಿಂದ ಜೂನ್, ಅಥವಾ ಸೆಪ್ಟೆಂಬರ್. ಆಗಸ್ಟ್ ಅಂದರೆ ಜಾತ್ರೆ. ಮೇ ತಿಂಗಳ ಕಾನ್ ಚಿತ್ರೋತ್ಸವದ ದಿನಗಳು, ಮೊನಾಕೊದ ಕಾರ್ ರೇಸಿನ ವಾರ, ಇವೆರಡನ್ನೂ ಬಿಟ್ಟು ನೋಡಿ. ಆಗ ಕೋಣೆಯ ಬಾಡಿಗೆ ಕೇಳುವ ಹಾಗಿರುವುದಿಲ್ಲ. ಅಕ್ಟೋಬರ್ ಬಂದರೆ ಆಕಾಶದ ಮೇಲೆ ಕಣ್ಣಿರಲಿ. ಬಿಸಿಲಿನ ನಾಡು ಅಂತ ಹೆಸರಾದರೂ ಶರತ್ಕಾಲದ ಮಳೆ ಇಲ್ಲಿ ಭಯಂಕರ. 2020ರ ಅಕ್ಟೋಬರ್‌ನಲ್ಲಿ ನೀಸ್‌ನ ಹಿಂದಿನ ಕಣಿವೆಗಳಲ್ಲಿ ರಸ್ತೆ, ಸೇತುವೆ, ಮನೆಗಳೇ ಕೊಚ್ಚಿಹೋದವು. ಫ್ರಾನ್ಸಿನ ಹವಾಮಾನ ಇಲಾಖೆ ಹಸಿರು, ಹಳದಿ, ಕಿತ್ತಳೆ, ಕೆಂಪು ಅಂತ ಎಚ್ಚರಿಕೆ ಕೊಡುತ್ತದೆ. ಮಳೆಗೆ ಕಿತ್ತಳೆ ಬಂದ ದಿನ ಕಾರು ಹತ್ತಬೇಡಿ.

ಇದುವರೆಗೆ ಹೇಳಿದ್ದನ್ನು ನೀವು ನೆಟ್‌ನಲ್ಲಿ ಹುಡುಕಿಯೂ ತಿಳಿಯಬಹುದು. ಇನ್ನು ಹೇಳುವ ಮಾತು ನಮ್ಮ ಮನೆಗಳಲ್ಲಿ ಬೆಳೆದವರಿಗೆ ಮಾತ್ರ ಸಂಬಂಧಪಟ್ಟದ್ದು. ಅದು "ಪರವಾಗಿಲ್ಲ" ಅನ್ನುವ ಪದದ ಬಗ್ಗೆ.

ನಮ್ಮ ಮನೆಗಳಲ್ಲಿ ಈ ಪದ ಎಷ್ಟು ಸಲ ಕೇಳಿದ್ದೀರಿ! ಹಸಿವಾಗಿದ್ದರೂ ಪರವಾಗಿಲ್ಲ, ಸುಸ್ತಾಗಿದ್ದರೂ ಪರವಾಗಿಲ್ಲ, ಬೇಜಾರಾಗಿದ್ದರೂ ಪರವಾಗಿಲ್ಲ. ಅದು ನಮ್ಮ ಸಂಕೋಚ, ನಮ್ಮ ಒಳ್ಳೆಯತನವೂ ಹೌದು. ನೀವು ಜರ್ಮನ್ ಮಾತಾಡುವಾಗ ಬೇಡ ಅಂದರೆ ಬೇಡ ಅಂತ ನೇರವಾಗಿ ಹೇಳುತ್ತೀರಿ. ಆದರೆ ಕನ್ನಡದ ಗೆಳೆಯರ ಜೊತೆ ಇರುವಾಗ ಅಮ್ಮ ಅಪ್ಪನ ಸಂಕೋಚ ಎಲ್ಲಿಂದಲೋ ಬಂದುಬಿಡುತ್ತದೆ. ಊಟದ ಮೇಜಿನಲ್ಲಿ ಅದು ಚಂದ. ಬೆಟ್ಟದ ರಸ್ತೆಯಲ್ಲಿ ಅಪಾಯ.

ಮೊದಲ ಪರವಾಗಿಲ್ಲ ದುಡ್ಡಿನದು. ನಾಲ್ವರಲ್ಲಿ ಒಬ್ಬರಿಗೆ ಕೆಲಸ ಸಿಕ್ಕಿರುತ್ತದೆ, ಒಬ್ಬರು ಇನ್ನೂ ಓದುತ್ತಾ ಸಂಜೆ ಅಂಗಡಿಯಲ್ಲಿ ದುಡಿಯುತ್ತಿರುತ್ತಾರೆ. "ಸಮುದ್ರ ಕಾಣುವ ರೂಮ್ ತಗೊಳ್ಳೋಣ್ವಾ?" ಅಂದಾಗ ಆ ಹುಡುಗಿ "ಪರವಾಗಿಲ್ಲ" ಅನ್ನುತ್ತಾಳೆ. ಮುಂದಿನ ಎರಡು ತಿಂಗಳು ಅವಳು ಕಷ್ಟಪಡುವುದು ನಿಮಗೆ ಗೊತ್ತೂ ಆಗುವುದಿಲ್ಲ. ಅದಕ್ಕೆ, ಏನನ್ನೂ ಬುಕ್ ಮಾಡುವ ಮೊದಲು ಪ್ರತಿಯೊಬ್ಬರೂ ತಮ್ಮ ಮಿತಿಯನ್ನು ಒಬ್ಬರಿಗೆ ಮಾತ್ರ ಗುಟ್ಟಾಗಿ ಬರೆದು ಕಳಿಸಿ. ಎಲ್ಲಕ್ಕಿಂತ ಕಡಿಮೆ ಯಾವುದೋ ಅದೇ ಎಲ್ಲರ ಬಜೆಟ್. ಯಾರದು ಅಂತ ಹೇಳಬೇಕಿಲ್ಲ, ಕೇಳಬೇಕಿಲ್ಲ.

ಎರಡನೆಯದು ಹಿಂದಿನ ಸೀಟಿನವರದು. ತಿರುವುಗಳಲ್ಲಿ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಆದರೂ ಪರವಾಗಿಲ್ಲ ಅನ್ನುತ್ತಾರೆ. ಆಗುಂಬೆ, ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ನಮ್ಮ ಕಡೆಯ ಹೆಂಗಸರು ಕೈಯಲ್ಲೊಂದು ನಿಂಬೆಹಣ್ಣು ಹಿಡಿದು ಮೂಸುತ್ತಾ ಕೂರುತ್ತಿದ್ದರು. ಮಾಂತೋನ್ ನಿಂಬೆಹಣ್ಣಿಗೆ ಹೆಸರಾದ ಊರು, ಪ್ರತಿ ಫೆಬ್ರವರಿಯಲ್ಲಿ ನಿಂಬೆಯ ಹಬ್ಬವನ್ನೇ ಮಾಡುತ್ತದೆ. ಒಂದು ಕೊಂಡು ಇಟ್ಟುಕೊಳ್ಳಿ. ಅದಕ್ಕಿಂತ ಮುಖ್ಯ, ನಿಲ್ಲಿಸಿ ಅಂತ ಹೇಳಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಚಾಲಕರದು. "ಸುಸ್ತಾಯ್ತಾ?" ಅಂದರೆ "ಪರವಾಗಿಲ್ಲ, ನಾನೇ ಓಡಿಸ್ತೀನಿ." 1982ರ ಸೆಪ್ಟೆಂಬರ್‌ನಲ್ಲಿ ಮೊನಾಕೊದ ಮೇಲಿನ ಬೆಟ್ಟದಿಂದ ಇಳಿಯುವಾಗ ರಾಜಕುಮಾರಿ ಗ್ರೇಸ್ ಅವರ ಕಾರು ಒಂದು ತಿರುವಿನಲ್ಲಿ ರಸ್ತೆ ಬಿಟ್ಟು ಕೆಳಗೆ ಬಿತ್ತು. ಮರುದಿನ ಅವರು ತೀರಿಕೊಂಡರು. ಓಡಿಸುತ್ತಿದ್ದಾಗಲೇ ಅವರಿಗೆ ಮಿದುಳಿನ ಆಘಾತವಾಗಿರಬೇಕು ಎಂದು ವೈದ್ಯರು ಹೇಳಿದರು. ತಪ್ಪು ಯಾರದೂ ಅಲ್ಲ. ಆದರೆ ಆ ರಸ್ತೆಗಳ ಸ್ವಭಾವ ಅಂಥದು. ಅಗಲವಾದ ಹೆದ್ದಾರಿಯಲ್ಲಿ ಒಂದು ಕ್ಷಣ ಗಮನ ತಪ್ಪಿದರೆ ಸುಧಾರಿಸಿಕೊಳ್ಳಲು ಜಾಗ ಇರುತ್ತದೆ. ಇಲ್ಲಿ ಇರುವುದಿಲ್ಲ.

ಅದಕ್ಕೆ ಕಾರು ಹತ್ತುವ ಮೊದಲು ಮೂರು ಮಾತಿಗೆ ಎಲ್ಲರೂ ಒಪ್ಪಿಕೊಳ್ಳಿ. ಒಂದು, ಇಬ್ಬರ ಹೆಸರು ಚಾಲಕರಾಗಿ ಕರಾರಿನಲ್ಲಿ ಇರಲಿ, ಗಂಟೆಗೊಮ್ಮೆ ಬದಲಾಗಲಿ. ದುಡ್ಡು ಸ್ವಲ್ಪ ಹೆಚ್ಚಾಗುತ್ತದೆ, ಆಗಲಿ. ಎರಡು, ಕಾರಿನಲ್ಲಿ ಯಾರು "ನಿಲ್ಲಿಸು" ಅಂದರೂ ಮುಂದಿನ ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಯಾಕೆ ಅಂತ ಕೇಳುವ ಹಾಗಿಲ್ಲ, ನಗುವ ಹಾಗಿಲ್ಲ. ಮೂರು, ಕತ್ತಲಾದ ಮೇಲೆ ಕೋರ್ನಿಶ್ ಬೇಡ.

ಇದಕ್ಕೂ 30 ಕಿಲೋಮೀಟರಿಗೂ ಸಂಬಂಧ ಇದೆ. ದಿನಕ್ಕೆ 260 ಕಿಲೋಮೀಟರ್ ಅಂತ ಪ್ಲಾನ್ ಮಾಡಿದವರು ನಿಲ್ಲಿಸು ಅನ್ನುವುದಕ್ಕೆ ಹಿಂಜರಿಯುತ್ತಾರೆ, ಯಾಕೆಂದರೆ ರಾತ್ರಿಯ ಹೋಟೆಲು ಇನ್ನೂ ದೂರ ಇದೆ. ಆಗ ಎಲ್ಲರ ಬಾಯಲ್ಲೂ ಪರವಾಗಿಲ್ಲ. ಹತ್ತೇ ಕಿಲೋಮೀಟರ್ ಉಳಿದಿದ್ದರೆ ನಿಲ್ಲಿಸುವುದು ಸುಲಭ. ಓಡಿಸಿದವರೂ ಇಳಿದು ಸಮುದ್ರ ನೋಡುತ್ತಾರೆ.

ಇನ್ನು ಅಪ್ಪ ಅಮ್ಮ. ಅವರಿಗೆ ದಾರಿಯುದ್ದಕ್ಕೂ ಲೊಕೇಶನ್ ಕಳಿಸುತ್ತಾ ಹೋಗಬೇಡಿ. ಚುಕ್ಕೆ ಐದು ನಿಮಿಷ ನಿಂತರೆ ಅವರ ಎದೆ ಹೊಡೆದುಕೊಳ್ಳುತ್ತದೆ. ದಿನಕ್ಕೊಮ್ಮೆ, ಕಾರು ನಿಲ್ಲಿಸಿದ ಮೇಲೆ, "ತಲುಪಿದೆವು, ಊಟ ಆಯ್ತು" ಅಂತ ಒಂದು ಸಂದೇಶ ಸಾಕು. ಹೊರಡುವ ಮುನ್ನವೇ ಆ ಹೊತ್ತನ್ನು ಹೇಳಿಟ್ಟಿರಿ. ಹೋಟೆಲಿನ ವಿಳಾಸ, ಕಾರಿನ ನಂಬರ್ ಕೊಟ್ಟಿರಿ. ಯುರೋಪಿನಲ್ಲಿ ಎಲ್ಲಿದ್ದರೂ ತುರ್ತಿಗೆ 112.

ಕನ್ನಡದಲ್ಲಿ ಮನೆಯಿಂದ ಹೊರಡುವವರು "ಹೋಗ್ತೀನಿ" ಅಂತ ಹೇಳುವುದಿಲ್ಲ, "ಹೋಗಿ ಬರ್ತೀನಿ" ಅನ್ನುತ್ತಾರೆ. ಹೊರಡುವ ಮಾತಿನಲ್ಲೇ ಮರಳುವ ಮಾತೂ ಇರಬೇಕು ಅಂತ ನಮ್ಮ ಹಿರಿಯರ ಲೆಕ್ಕ. ನಿಮ್ಮ ಪ್ಲಾನಿನಲ್ಲೂ ಅದು ಇರಲಿ.

ಹೋಗಿ ಬನ್ನಿ. ನಮಸ್ಕಾರ.